ಹಂದಿ ಜಠರದಿಂದ ಗ್ಯಾಲೆಕ್ಟಿನ್ ತೆಗೆದ ನನ್ನ ಅನುಭವ

ಗ್ಯಾಲೆಕ್ಟಿನ್ ಅಂದರೆ ಸಕ್ಕರೆಯನ್ನು ಹಿಡಿಯುವ ಒಂದು ಪ್ರೋಟೀನ್. "ಅಂಗಡಿಯಿಂದ ತಂದ ಜಠರದಲ್ಲಿ ಗ್ಯಾಲೆಕ್ಟಿನ್ ಎಲ್ಲಿ ಉಳಿದಿರುತ್ತೆ? ಜಠರರಸದ ಪೆಪ್ಸಿನ್ ತಿಂದು ಹಾಕಿರುತ್ತೆ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಮಾಡಿಕೊಳ್ಳಿ ಸರ್" ಎಂದು ಲ್ಯಾಬಿನಲ್ಲಿ ಎಲ್ಲರೂ ಹೇಳಿದರು. ಮೂರು ಸಲ ಸೋತೆ. ನಾಲ್ಕನೇ ಸಲ ಬಂತು.

ಮೊದಲ ಸಲ ಕುರಿಯ ಬೋಟಿ ತಂದಿದ್ದೆ. ಅದರಲ್ಲಿ ನಾಲ್ಕನೇ ಕೋಣೆಯಲ್ಲಿ ಮಾತ್ರ ಲೋಳೆ ಸಿಗುತ್ತದೆ, ಅದೂ ಸ್ವಲ್ಪ. ಹಾಗಾಗಿ ಹಂದಿಗೆ ಬಂದೆ. ಪೆಪ್ಸಿನ್ ಭಯಕ್ಕೆ ಅದನ್ನು ತಡೆಯುವ ಪೆಪ್‌ಸ್ಟ್ಯಾಟಿನ್ ತರಿಸಿದೆ, ಸುಮಾರು 12 ಸಾವಿರ ಹೋಯಿತು. ಅದು ಬೇಕಾಗಿಯೇ ಇರಲಿಲ್ಲ. ಪಿಎಚ್ 7.5ಕ್ಕಿಂತ ಇಳಿಯದಂತೆ, ಐಸ್ ಮೇಲೇ ಒಳಪದರದ ಲೋಳೆ ಕೆರೆದರೆ ಪೆಪ್ಸಿನ್ ಕೆಲಸ ಮಾಡುವುದೇ ಇಲ್ಲ.

ನಿಜವಾದ ತಪ್ಪು ಬೇರೆ ಕಡೆ ಇತ್ತು. ಪ್ರತಿ ಸಲ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ಇಟ್ಟುಕೊಂಡು, ಕೆಳಗಿನ ಅಂಟುಗಸಿ ಬಿಸಾಡುತ್ತಿದ್ದೆ. ಗ್ಯಾಲೆಕ್ಟಿನ್ ಇದ್ದದ್ದು ಆ ಗಸಿಯಲ್ಲಿ! ಅದರ ಕೆಲಸವೇ ಅದು ಅಲ್ವಾ? ಒಂದು ಕೈಯಲ್ಲಿ ಒಂದು ಮ್ಯೂಸಿನ್ನಿನ (ಲೋಳೆಯ ಸಕ್ಕರೆ ತುಂಬಿದ ಪ್ರೋಟೀನ್) ಸಕ್ಕರೆ, ಇನ್ನೊಂದು ಕೈಯಲ್ಲಿ ಪಕ್ಕದ್ದರ ಸಕ್ಕರೆ ಹಿಡಿದು ಲೋಳೆಯನ್ನು ಹೆಣೆಯುತ್ತದೆ. ಆ ಹೆಣಿಗೆ ಇದ್ದರೆ ಒಳಪದರದ ಮೇಲಿನ ಲೋಳೆ ಗಟ್ಟಿ. ಗಸಿಯನ್ನು 0.1 ಮೋಲಾರ್ ಲ್ಯಾಕ್ಟೋಸ್‌ನಲ್ಲಿ (ಹಾಲಿನ ಸಕ್ಕರೆ) ಕಲಕಿದೆ, ಗ್ಯಾಲೆಕ್ಟಿನ್ ಅದನ್ನು ಹಿಡಿದುಕೊಂಡು ಮ್ಯೂಸಿನ್ನಿನ ಕೈ ಬಿಟ್ಟು ಹೊರಗೆ ಬಂತು. ಗ್ಯಾಲೆಕ್ಟಿನ್ ಆಕ್ಸಿಡೀಕರಣದಿಂದ ಕೆಡದಂತೆ ಕಾಯುವ ಮರ್ಕ್ಯಾಪ್ಟೋಎಥನಾಲ್ ಮಾತ್ರ ಮರೆಯಬೇಡಿ.

ಗ್ಯಾಲೆಕ್ಟಿನ್ ಹಿಡಿದು ಶುದ್ಧಮಾಡುವ ಲ್ಯಾಕ್ಟೋಸ್ ಕಾಲಂ (ಲ್ಯಾಕ್ಟೋಸ್ ಅಂಟಿಸಿದ ಮಣಿಗಳ ಕೊಳವೆ) ನಾನೇ ಮಾಡಿಕೊಂಡೆ, ಅಂಟಿಸಲು ಡಿವಿನೈಲ್ ಸಲ್ಫೋನ್ ಬಳಸಿ. ಮಣಿಗಳನ್ನು ಅದರಲ್ಲಿ ಎಷ್ಟು ಹೊತ್ತು ಬಿಟ್ಟೆ ಎನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅರ್ಧ ಕಿಲೋ ಕೆರೆದದ್ದರಿಂದ ಸುಮಾರು 3 ಮಿಲಿಗ್ರಾಂ ಸಿಕ್ಕಿತು. ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ 14 ಕಿಲೋಡಾಲ್ಟನ್ ಹತ್ತಿರ ಸ್ಪಷ್ಟ ಬ್ಯಾಂಡ್. ಗ್ಯಾಲೆಕ್ಟಿನ್ ಕೆಲಸ ಮಾಡುತ್ತಿದ್ದರೆ ರಕ್ತಕಣಗಳನ್ನು ಗುಂಪುಗೂಡಿಸಬೇಕು, ಆದರೂ ಮೊಲದ ರಕ್ತಕಣ ಗುಂಪುಗೂಡಲಿಲ್ಲ. ಲ್ಯಾಕ್ಟೋಸ್ ಹೊರಹಾಕಲು ಡಯಾಲಿಸಿಸ್ (ಪೊರೆಯ ಮೂಲಕ ಸೋಸುವುದು) ಒಂದೇ ರಾತ್ರಿ ಮಾಡಿದ್ದೆ, ಲ್ಯಾಕ್ಟೋಸ್ ಉಳಿದು ಅದರ ಕೈ ಕಟ್ಟಿತ್ತು. ಎರಡು ದಿನ, ಐದು ಸಲ ಬಫರ್ ಬದಲಿಸಿದ ಮೇಲೆ ತಟ್ಟೆಯ ಬಾವಿಗಳ ತಳದಲ್ಲಿ ಗುಂಪುಗೂಡಿದ ಕಣಗಳ ಹಾಸು ಕಂಡಿತು. ಅವತ್ತು ಎಲ್ಲರನ್ನೂ ಕರೆದು ತೋರಿಸಿದೆ.

ಆಮೇಲೆ ಹಂದಿ ಮ್ಯೂಸಿನ್‌ಗೆ ಹಾಕಿದೆ. ದ್ರಾವಣ ಮಬ್ಬಾಯಿತು. ಲ್ಯಾಕ್ಟೋಸ್ ಹಾಕಿದ ತಕ್ಷಣ ತಿಳಿಯಾಯಿತು. ಅಡುಗೆಮನೆ ಸಕ್ಕರೆಗೆ ಜಗ್ಗಲಿಲ್ಲ. ಸುಮ್ನೆ ಕುತೂಹಲಕ್ಕೆ ಹಲಸಿನ ಬೀಜದ ಜಕಾಲಿನ್ (ಇದೂ ಸಕ್ಕರೆ ಹಿಡಿಯುವ ಪ್ರೋಟೀನ್) ಕೂಡ ನೋಡಿದೆ. ಇನ್ನೂ ಜಾಸ್ತಿ ಮಬ್ಬು, ಆದರೆ ಲ್ಯಾಕ್ಟೋಸ್‌ಗೆ ಬಿಡಲಿಲ್ಲ. ಅದಕ್ಕೆ ಆಲ್ಫಾ ರೂಪದ ಗ್ಯಾಲಕ್ಟೋಸ್ ಬೇಕು, ಲ್ಯಾಕ್ಟೋಸ್‌ನಲ್ಲಿರುವುದು ಬೀಟಾ.

ಉಳಿದದ್ದನ್ನು ಲ್ಯಾಕ್ಟೋಸ್ ಸೇರಿಸಿಯೇ ಫ್ರಿಜ್‌ನಲ್ಲಿಟ್ಟಿದ್ದೇನೆ. ಮುಂದಿನದು ಜಠರದಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಹೆಲಿಕೊಬ್ಯಾಕ್ಟರ್ ಪೈಲೋರಿ ಜೊತೆ.