ಹುಬ್ಬಳ್ಳಿ-ಧಾರವಾಡದ ಅಂಚಿನಲ್ಲಿ ಮನೆ ಕೊಳ್ಳುವ ಮುನ್ನ: ದರ ಯಾಕೆ ಕಡಿಮೆ ಎಂದು ಪತ್ತೆ ಮಾಡಿ

ವಿದ್ಯಾನಗರ, ಕೇಶ್ವಾಪುರ, ಸಪ್ತಾಪುರದ ದರ ಕೇಳಿ ಸುಮ್ಮನಾದವರಿಗೆ ಉಳಿಯುವುದು ಊರ ಅಂಚು. ಅಲ್ಲಿ 30×40ರ ಮನೆಗೆ ಅಕ್ಕಪಕ್ಕದ ಎರಡು ಬಡಾವಣೆಗಳ ನಡುವೆಯೇ ಲಕ್ಷಗಟ್ಟಲೆ ಅಂತರ ಇರುತ್ತದೆ. ಆ ಅಂತರಕ್ಕೆ ನಮ್ಮ ಕಡೆ ಕಾರಣ ಹೆಚ್ಚಾಗಿ ನಾಲ್ಕು: ಕಾಗದ, ಮಣ್ಣು, ನೀರು, ದೂರ. ದೂರಕ್ಕೂ ನೀರಿಗೂ ಲೆಕ್ಕ ಹಾಕಬಹುದು. ಮಣ್ಣಿಗೆ ರೊಕ್ಕ ಸುರಿದರೆ ಪರಿಹಾರ ಇದೆ. ಕಾಗದ ಕೆಟ್ಟಿದ್ದರೆ ಎಷ್ಟೇ ಅಗ್ಗವಾದರೂ ಬಿಡಿ.

ಮೊದಲು ನಿಮ್ಮ ಮಿತಿ ಗೊತ್ತು ಮಾಡಿಕೊಳ್ಳಿ. ಶೇ. 8.5 ಬಡ್ಡಿ, 20 ವರ್ಷದ ಅವಧಿ ಹಿಡಿದರೆ ಒಂದು ಲಕ್ಷ ಸಾಲಕ್ಕೆ ತಿಂಗಳ ಕಂತು ಸುಮಾರು 868 ರೂಪಾಯಿ. 22,000 ರೂಪಾಯಿ ಕಂತು ಕಟ್ಟಬಲ್ಲವರಿಗೆ 25 ಲಕ್ಷ ಸಾಲ. 30 ಲಕ್ಷದವರೆಗಿನ ಸಾಲವಾದರೆ ಮನೆಯ ಮೌಲ್ಯದ ಶೇ. 90ರವರೆಗೆ ಕೊಡಲು ಬ್ಯಾಂಕಿಗೆ ಅವಕಾಶ ಇದೆ, ಅದರ ಮೇಲೆ 75 ಲಕ್ಷದವರೆಗೆ ಶೇ. 80. ಆದರೆ ಆ ಮೌಲ್ಯ ಬ್ಯಾಂಕಿನ ವ್ಯಾಲ್ಯುಯರ್ ಬರೆದದ್ದು, ಮಾರುವವರು ಹೇಳಿದ್ದಲ್ಲ. ನೋಂದಣಿ ಖರ್ಚನ್ನು ಪೂರ್ತಿ ಕೈಯಿಂದಲೇ ಹಾಕಬೇಕು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ 5.6; 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 2 ಆಗಿದೆ. ಒಟ್ಟು 7.6. ಎಂದರೆ 28 ಲಕ್ಷದ ಮನೆಗೆ 2.13 ಲಕ್ಷ. ಕೈಯಲ್ಲಿ 8 ಲಕ್ಷ ಇದ್ದರೆ ಇದನ್ನೂ 2.8 ಲಕ್ಷದ ಮುಂಗಡವನ್ನೂ ಕಳೆದು 3 ಲಕ್ಷ ಉಳಿಯುತ್ತದೆ. ಸಂಪ್, ಗ್ರಿಲ್, ಕಂಪೌಂಡಿಗೆ ಅದು ಬೇಕೇ ಬೇಕು. ‘ಖರೀದಿ ಪತ್ರದಾಗ ಕಡಿಮಿ ತೋರ್ಸೂಣ್ರಿ’ ಅನ್ನುವವರಿಗೆ ಒಪ್ಪಬೇಡಿ. ಸಾಲ ಕಡಿಮೆಯಾಗುವುದು ನಿಮಗೆ, ಲಾಭ ಅವರಿಗೆ.

ಕಾಗದ

ಏಜೆಂಟರು ‘ಎನ್.ಎ. ಪ್ಲಾಟ್ ಐತ್ರಿ’ ಅಂದರೆ ಅಷ್ಟಕ್ಕೇ ನಿಲ್ಲಬೇಡಿ. ಬಿನ್‌ಶೇತ್ಕಿ (ಎನ್.ಎ., ಎಂದರೆ ಹೊಲವನ್ನು ಕೃಷಿಯೇತರ ಮಾಡಿದ) ಆದೇಶ ಬೇರೆ, ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರು ಮಾಡಿದ ಲೇಔಟ್ ನಕ್ಷೆ ಬೇರೆ. ಎರಡೂ ಬೇಕು. ನಕ್ಷೆಯಲ್ಲಿ ನಿಮ್ಮ ಪ್ಲಾಟ್ ನಂಬರನ್ನು ಬೆರಳಿಟ್ಟು ನೋಡಿ. ಉದ್ಯಾನಕ್ಕೆ, ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗವನ್ನು ಪ್ಲಾಟ್ ಮಾಡಿ ಮಾರಿದ ಪ್ರಕರಣಗಳು ಬಯಲಾಗುವುದು ಇಲ್ಲೇ. ಲೇಔಟಿನ ಕೆಲಸ ಮುಗಿದಂತೆ ಪ್ರಾಧಿಕಾರ ಪ್ಲಾಟುಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುತ್ತದೆ. ನಿಮ್ಮ ನಂಬರ್ ಬಿಡುಗಡೆ ಪತ್ರದಲ್ಲಿದೆಯೇ ಎಂದು ನವನಗರದ ಹುಡಾ ಕಚೇರಿಯಲ್ಲೇ ಕೇಳಿ. ಹೊಸ ಲೇಔಟ್ 500 ಚದರ ಮೀಟರ್ ಮೀರಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಇರಬೇಕು.

ಗುಂಟೆ ಪ್ಲಾಟ್ ಎಂದು ಮಾರುವುದು ಹೊಲವನ್ನೇ ತುಂಡು ಮಾಡಿದ್ದು. ಒಂದು ಗುಂಟೆ 1,089 ಚದರ ಅಡಿ, ದರವೂ ಆಸೆ ಹುಟ್ಟಿಸುವಂತಿರುತ್ತದೆ. ಆದರೆ ಉತಾರದಲ್ಲಿ (ಪಹಣಿಯಲ್ಲಿ) ಹತ್ತಾರು ಜನರ ಜಂಟಿ ಹೆಸರು, ರಸ್ತೆ ಯಾರದ್ದೋ ಬಾಯಿಮಾತಿನ ಮೇಲೆ, ಬ್ಯಾಂಕ್ ಸಾಲ ಇಲ್ಲ, ಕಟ್ಟಡ ಪರವಾನಗಿ ಇಲ್ಲ. ಮುಂದೆ ಸರ್ಕಾರ ಸಕ್ರಮ ಮಾಡುತ್ತದೆ ಎಂಬ ನಂಬಿಕೆಯ ಮೇಲೆ ಮನೆ ಕಟ್ಟುವುದು ಜೂಜು.

ಪಾಲಿಕೆ ಹದ್ದಿನಲ್ಲಿದ್ದರೆ ಇ-ಖಾತಾ ಕೇಳಿ, ಅದು ಎ ಖಾತೆಯೋ (ಸಕ್ರಮ) ಬಿ ಖಾತೆಯೋ (ಸರಿಯಾದ ಮಂಜೂರಾತಿ ಇಲ್ಲದ್ದು) ನೋಡಿ. ಗ್ರಾಮ ಪಂಚಾಯಿತಿ ಹದ್ದಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇರಬೇಕು. 11ಬಿ ಕೊಟ್ಟರೆ ಲೇಔಟಿಗೆ ಸರಿಯಾದ ಮಂಜೂರಾತಿ ಇಲ್ಲವೆಂದೇ ತಿಳಿಯಿರಿ. ಹಳೆಯ ಭಾಗದ ಮನೆಯಾದರೆ ಸಿಟಿ ಸರ್ವೆಯ ಸಿ.ಟಿ.ಎಸ್. ಉತಾರವೂ ಬೇಕು. ಋಣಭಾರ ಪತ್ರವನ್ನು 30 ವರ್ಷಕ್ಕೆ ತೆಗೆಸಿ. 2004ರ ಈಚಿನದು ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಆನ್‌ಲೈನ್ ಸಿಗುತ್ತದೆ, ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕು.

ಋಣಭಾರ ಪತ್ರದಲ್ಲಿ ಕಾಣದ ತೊಡಕೆಂದರೆ ವಾಟ್ಣಿ (ಮನೆತನದ ಆಸ್ತಿ ಪಾಲು). ಜಮೀನು ಹಿರಿಯರಿಂದ ಬಂದದ್ದಾದರೆ ಮಾರಿದವರ ಅಕ್ಕತಂಗಿಯರ ಸಹಿ ಇದೆಯೇ ನೋಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು. ಮನೆ ಕಟ್ಟಿ ಮುಗಿದ ಮೇಲೆ ನ್ಯಾಯಾಲಯದ ನೋಟಿಸ್ ಬರುವುದು ಬಹಳ ಸಲ ಈ ಕಾರಣಕ್ಕೆ. ಜಮೀನು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ಪೂರ್ವಾನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ. ಇವನ್ನೆಲ್ಲ ನೋಡಲು ಸಿವಿಲ್ ವಕೀಲರಿಗೆ ಕೊಡುವ ಫೀ ಉಳಿಸಬೇಡಿ. ಬಿಲ್ಡರ್ ತೋರಿಸುವ ವಕೀಲರೂ ಬೇಡ.

ಎರಿಯೋ ಮಸಾರಿಯೋ

ಹುಬ್ಬಳ್ಳಿಯಿಂದ ಪೂರ್ವಕ್ಕೆ, ಕುಸುಗಲ್ ರಸ್ತೆ, ಗದಗ ರಸ್ತೆಯ ಕಡೆ ಎರಿ (ಕಪ್ಪು ಮಣ್ಣು) ಹೆಚ್ಚು. ಧಾರವಾಡದ ಪಶ್ಚಿಮಕ್ಕೆ ಕೆಲಗೇರಿ, ನುಗ್ಗಿಕೇರಿ ಕಡೆ ಮಸಾರಿ (ಕೆಂಪು ಮಣ್ಣು) ಕಾಣುತ್ತದೆ. ಎರಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈಬೆರಳು ಇಳಿಯುವಷ್ಟು ಬಿರಿಯುತ್ತದೆ. ವರ್ಷಕ್ಕೊಮ್ಮೆ ಈ ಏರಿಳಿತ ತಡೆಯಲಾಗದೆ ಗೋಡೆ ಸೀಳುತ್ತದೆ.

ಖಾಲಿ ಪ್ಲಾಟಾದರೆ ಎರಡು ಮೂಲೆಗಳಲ್ಲಿ ಗುಂಡಿ ತೋಡಿಸಿ, ಗರಸು (ಗಟ್ಟಿ ಮೊರಂ ಪದರ) ಎಷ್ಟು ಅಡಿಗೆ ಸಿಗುತ್ತದೆ ನೋಡಿ. ನಾಲ್ಕೈದು ಅಡಿಗೆ ಸಿಕ್ಕರೆ ಚಿಂತೆಯಿಲ್ಲ, ಪಾಯವನ್ನು ಅದರ ಮೇಲೆ ಕೂಡಿಸಬಹುದು. ಎಂಟು ಹತ್ತು ಅಡಿಗೂ ಸಿಗದಿದ್ದರೆ ಕಾಲಂ ಮತ್ತು ಪ್ಲಿಂತ್ ಬೀಮ್, ಅಥವಾ ಕನಿಷ್ಠ ಮೂರೂವರೆ ಮೀಟರ್ ಆಳದ ಅಂಡರ್-ರೀಮ್ಡ್ ಪೈಲ್ (ಬುಡ ಅಗಲವಾದ ಕಾಂಕ್ರೀಟ್ ಕಂಬ) ಬೇಕಾಗುತ್ತದೆ. ಆ ಖರ್ಚಿನ ಅಂದಾಜನ್ನು ಎಂಜಿನಿಯರ್ ಕಡೆ ಬರೆಸಿ ಪ್ಲಾಟಿನ ದರಕ್ಕೆ ಕೂಡಿಸಿ. ಎಷ್ಟೋ ‘ಅಗ್ಗದ’ ಪ್ಲಾಟುಗಳು ಆಗ ಅಗ್ಗ ಉಳಿಯುವುದಿಲ್ಲ.

ಕಟ್ಟಿದ ಮನೆಯಾದರೆ ಏಪ್ರಿಲ್-ಮೇ ತಿಂಗಳಲ್ಲಿ ನೋಡಿ, ಮಣ್ಣು ಪೂರ್ತಿ ಒಣಗಿ ಕುಗ್ಗಿರುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಸೀಳು, ಇಟ್ಟಿಗೆಯ ಸಾಲಿನಗುಂಟ ಮೆಟ್ಟಿಲಿನಂತೆ ಇಳಿದ ಬಿರುಕು, ಸ್ಕರ್ಟಿಂಗಿನಿಂದ ಬೇರ್ಪಟ್ಟ ಟೈಲ್ಸ್, ಉಜ್ಜುವ ಬಾಗಿಲು, ಈ ನಾಲ್ಕರಲ್ಲಿ ಎರಡಿದ್ದರೂ ಪಾಯದ ಮೇಲೆ ಅನುಮಾನ ಪಡಿ. ಒಂದೇ ಗೋಡೆಗೆ ಹೊಸ ಬಣ್ಣ ಹೊಡೆಸಿದ್ದರೆ ಅಲ್ಲೇ ಟಾರ್ಚನ್ನು ಅಡ್ಡ ಹಿಡಿದು ನೋಡಿ, ಪುಟ್ಟಿಯ ಪಟ್ಟಿ ಎದ್ದು ಕಾಣುತ್ತದೆ. ನೆರೆಯ ಕಂಪೌಂಡುಗಳು ಓಲಾಡಿದ್ದರೆ ಬೇರೆ ಸಾಕ್ಷಿ ಬೇಡ.

ನೀರು, ಗಟಾರ

ಅವಳಿ ನಗರಕ್ಕೆ ಕುಡಿಯುವ ನೀರು ಮುಖ್ಯವಾಗಿ ಸವದತ್ತಿಯ ಮಲಪ್ರಭಾ ಜಲಾಶಯದ್ದು. ಕೆಲವು ವಾರ್ಡುಗಳಿಗೆ ದಿನವಿಡೀ ಬರುತ್ತದೆ, ಕೆಲವಕ್ಕೆ ಸರತಿ ಕಾಯಬೇಕು. ಏಜೆಂಟರನ್ನು ಕೇಳಬೇಡಿ, ಆ ಓಣಿಯ ಹೆಣ್ಣುಮಕ್ಕಳನ್ನು ‘ಅಕ್ಕಾರ, ನೀರು ಎಷ್ಟ್ ದಿನಕ್ಕೊಮ್ಮೆ ಬಿಡ್ತಾರ್ರಿ?’ ಎಂದು ಕೇಳಿ, ಬೇಸಿಗೆಯ ಸರತಿಯನ್ನು ಬೇರೆಯಾಗಿ ಕೇಳಿ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರಿಗೆ 540; ಎಂಟು ದಿನದ ಸರತಿಗೆ 4,320 ಲೀಟರ್. 6×6 ಅಡಿ ಅಗಲ, 5 ಅಡಿ ಆಳದ ಸಂಪಿನಲ್ಲಿ ಸುಮಾರು 5,100 ಲೀಟರ್ ಹಿಡಿಯುತ್ತದೆ.

ಒಳಚರಂಡಿ ಇದೆ ಅಂದರೆ ಮ್ಯಾನ್‌ಹೋಲ್ ಮುಚ್ಚಳ ಎತ್ತಿಸಿ ನೋಡಿ. ಜನ ವಾಸವಿದ್ದರೂ ಒಳಗೆ ಒಣ ಮಣ್ಣು, ಜೇಡರ ಬಲೆ ಇದ್ದರೆ ಪೈಪ್ ಎಲ್ಲಿಗೂ ಕೂಡಿಲ್ಲ. ಉಣಕಲ್ ನಾಲಾದಂಥ ಹಳ್ಳಗಳ ದಂಡೆಯ ಪ್ಲಾಟನ್ನು ಒಂದು ದೊಡ್ಡ ಮಳೆಯ ಮರುದಿನ ನೋಡದೆ ಮುಂದುವರಿಯಬೇಡಿ.

ದೂರ

ಕೆಲಸ ಒಂದು ಊರಲ್ಲಿ, ಮಕ್ಕಳ ಕಾಲೇಜು ಇನ್ನೊಂದರಲ್ಲಿ ಇದ್ದರೆ ಪಿ.ಬಿ. ರೋಡಿನ (ಪುಣೆ-ಬೆಂಗಳೂರು ರಸ್ತೆಯ) ನಡುವಿನ ಪಟ್ಟಿ, ಎಂದರೆ ನವನಗರ, ಅಮರಗೋಳ, ರಾಯಾಪುರ, ಸತ್ತೂರು, ನವಲೂರು, ಸ್ವಲ್ಪ ದುಬಾರಿಯಾದರೂ ಲಾಭ. ಎರಡೂ ಊರ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ ನಿಲ್ಲುವುದು ನಿಲ್ದಾಣಗಳಲ್ಲಿ ಮಾತ್ರ. ಮನೆಯಿಂದ ನಿಲ್ದಾಣಕ್ಕೆ ಸ್ವತಃ ನಡೆದು ನೋಡಿ, 15 ನಿಮಿಷ ಮೀರಿದರೆ ಕೊನೆಗೆ ಬೈಕೇ ಗತಿ. ಬೈಕಿನಲ್ಲಿ ದಿನಕ್ಕೆ 20 ಕಿ.ಮೀ. ಹೆಚ್ಚುವರಿ ಓಡಾಟ, 25 ದಿನ, ಲೀಟರಿಗೆ 45 ಕಿ.ಮೀ., ಪೆಟ್ರೋಲ್ 100 ರೂಪಾಯಿ ಹಿಡಿದರೂ ತಿಂಗಳಿಗೆ 1,100 ರೂಪಾಯಿ. ಒಂದೂಕಾಲು ಲಕ್ಷ ಸಾಲದ ಕಂತು ಅಷ್ಟೇ ಆಗುತ್ತದೆ. ಮನೆಯಲ್ಲಿ ಎರಡು ಬೈಕಿದ್ದರೆ ಎರಡೂವರೆ ಲಕ್ಷ. ದೂರದ ಮನೆ ಅದಕ್ಕಿಂತ ಕಡಿಮೆ ಉಳಿಸಿದರೆ ಹೋಗಬೇಡಿ. ತಾರಿಹಾಳದಂಥ ಕೈಗಾರಿಕಾ ಪ್ರದೇಶದ ಹತ್ತಿರವಾದರೆ ರಾತ್ರಿ ಎಂಟರ ಮೇಲೊಮ್ಮೆ ಹೋಗಿ ವಾಸನೆ, ಸದ್ದು, ಬೀದಿದೀಪ ನೋಡಿ ಬನ್ನಿ.

ಎಲ್ಲ ಹೊಂದಿದರೆ ಸಂಚಕಾರ ಪತ್ರ (ಮುಂಗಡ ಕೊಟ್ಟು ಬರೆಸುವ ಖರೀದಿ ಕರಾರು) ಮಾಡಿಕೊಳ್ಳಿ. ರೊಕ್ಕ ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಿ. ಬ್ಯಾಂಕಿನ ವಕೀಲರು ಕಾಗದ ತಿರಸ್ಕರಿಸಿದರೆ ಸಂಚಕಾರ ಪೂರ್ತಿ ವಾಪಸ್ ಎಂಬ ಸಾಲನ್ನು ಬರೆಸಿ, ಮಾರುವವರು ಅದಕ್ಕೆ ತಕರಾರು ತೆಗೆದರೆ ಯಾಕೆಂದು ಯೋಚಿಸಿ. ಖರೀದಿ ನೋಂದಣಿಯಾದ ಮೇಲೆ ಇ-ಖಾತಾ, ಹೆಸ್ಕಾಂ ಮೀಟರ್, ನಳದ ಸಂಪರ್ಕ ಮೂರನ್ನೂ ನಿಮ್ಮ ಹೆಸರಿಗೆ ಮಾಡಿಸಿ. ಹಿಂದಿನವರ ಬಾಕಿ ಬಿಲ್ ಇದ್ದರೆ ಅದು ನೋಂದಣಿಗೆ ಮುಂಚೆಯೇ ತೀರಿರಬೇಕು.