ಅಪ್ಪನ ಹೆಸರು ಒಂದೇ ಸಲ: ದೊಡ್ಡ ಗಾಯಕರ ಮಗನನ್ನು ಮೈಕಿನಲ್ಲಿ ಪರಿಚಯಿಸುವುದು ಹೇಗೆ

ಉಡುಪಿಯಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಮೈಕು ಹಿಡಿಯಲು ಶುರುಮಾಡಿ ನನಗೆ ಇಪ್ಪತ್ತಾರು ವರ್ಷ ಆಯಿತು. ಹಗಲು ಅಂಚೆ ಕಚೇರಿ, ಸಂಜೆ ಯಾರಾದರೂ ಕರೆದರೆ ನಿರೂಪಣೆ. ಕೊನೆಗೆ ಒಂದು ಶಾಲು ಹೊದೆಸುತ್ತಾರೆ. ಮನೆಯ ಕಪಾಟಿನಲ್ಲಿ ಈಗ ಬಟ್ಟೆಗಿಂತ ಶಾಲೇ ಜಾಸ್ತಿ.

ಇಷ್ಟು ವರ್ಷದಲ್ಲಿ ನನಗೆ ಕೈಕೊಟ್ಟ ಪರಿಚಯ ಎಂದರೆ ದೊಡ್ಡ ಗಾಯಕರ ಮಗನದ್ದು. ಸುಲಭ ಅಂತ ಕಾಣುವುದೇ ಅದರ ತೊಂದರೆ. ಅಪ್ಪನ ಬಗ್ಗೆ ಎಲ್ಲರಿಗೂ ಗೊತ್ತಿರುತ್ತದೆ, ಹೇಳಲು ಬೇಕಾದಷ್ಟು ಉಂಟು, ನಾಲಿಗೆ ತಾನಾಗಿ ಅಲ್ಲಿಗೇ ಓಡುತ್ತದೆ. ನಾನೂ ಒಮ್ಮೆ ಹಾಗೆ ಓಡಿದೆ. ಹನ್ನೊಂದು ನಿಮಿಷ. ಕಲಾವಿದರು ತಂಬೂರ ಶ್ರುತಿ ಮಾಡಿ ಮುಗಿಸಿ, ಕೈಕಟ್ಟಿ ಕೂತಿದ್ದರು. ನಾನು ಇಳಿದ ಮೇಲೆ ಮೈಕು ಹತ್ತಿರ ಎಳೆದುಕೊಂಡು, "ಅಪ್ಪನ ಪರಿಚಯ ಚೆನ್ನಾಗಿತ್ತು. ಇನ್ನು ನಾನು ಹಾಡಬಹುದಾ?" ಎಂದರು. ಸಭೆ ನಕ್ಕಿತು. ನಾನೂ ನಕ್ಕೆ, ಬೇರೆ ಎಂತ ಮಾಡುವುದು?

ಹೋದ ವರ್ಷ ನಮ್ಮ ಬೀದಿಯ ನಾಲ್ಕು ಮನೆಯವರು ಸೇರಿ ಧ್ವನಿಮುದ್ರಿಕೆ ಕೇಳುವ ಒಂದು ಸಂಜೆ ಇಟ್ಟುಕೊಂಡೆವು. ಧಾರವಾಡದ ಹಿಂದೂಸ್ತಾನಿ ಗಾಯಕ ಪಂಡಿತ್ ರಾಜಶೇಖರ ಮನಸೂರರ ಹಾಡುಗಾರಿಕೆ. ಪಕ್ಕದ ಮನೆಯ ಹುಡುಗಿ, ಬಿ.ಕಾಂ. ಓದುವವಳು, ಪರಿಚಯ ಮಾಡಬೇಕಿತ್ತು. "ಎಂತ ಹೇಳುದು ಮಾವ?" ಎಂದು ಹಾಳೆ ಹಿಡಿದು ಬಂದಳು. ಹಾಳೆ ತುಂಬ ಅವರ ಅಪ್ಪ, ದೊಡ್ಡ ಗಾಯಕ ಮಲ್ಲಿಕಾರ್ಜುನ ಮನಸೂರರೇ. 1910ರಲ್ಲಿ ಜನನ, ಬಾಲ್ಯದಲ್ಲಿ ನಾಟಕ ಕಂಪನಿ, ವಚನ ಗಾಯನ, 1992ರಲ್ಲಿ ಪದ್ಮವಿಭೂಷಣ, ಅದೇ ವರ್ಷ ನಿಧನ. ಮಗ ಕೊನೆಯ ಸಾಲಿನಲ್ಲಿ, "ಇವರ ಸುಪುತ್ರ" ಅಂತ.

ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತೇನೆ.

ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಅಪ್ಪ ಮಾಡಿದ್ದು, ಬಲಕ್ಕೆ ಮಗ ಮಾಡಿದ್ದು. ಎಡಗಡೆ ಐದು ನಿಮಿಷದಲ್ಲಿ ತುಂಬುತ್ತದೆ. ಬಲಗಡೆಗೆ ಒದ್ದಾಡಬೇಕು, ಆ ಒದ್ದಾಟವೇ ನಿಮ್ಮ ಕೆಲಸ. ಬಲಗಡೆ ತುಂಬಿದ ಮೇಲೆ ಎಡಗಡೆಯನ್ನು ಹರಿದು ಬಿಸಾಡಿ. ಸುಮ್ನೆ ಮಡಚಿ ಇಟ್ಟರೆ ಸಾಲದು, ವೇದಿಕೆಗೆ ಹೋದಾಗ ಬಿಡಿಸಿ ಓದುತ್ತೀರಿ. ನಾನು ಓದಿದ್ದೇನೆ.

ಹುಡುಗಿಯ ಬಲಗಡೆಯಲ್ಲಿ ಮೊದಲು ಒಂದೇ ಸಾಲಿತ್ತು: ಇಂಗ್ಲಿಷ್ ಪ್ರಾಧ್ಯಾಪಕರು. ಅದನ್ನು ಹೊಡೆದು ಹಾಕಲು ಹೊರಟಿದ್ದಳು, ಸಂಗೀತಕ್ಕೆ ಸಂಬಂಧ ಇಲ್ಲ ಅಂತ. ನಾನು ಬಿಡಲಿಲ್ಲ. ರಾಜಶೇಖರ ಮನಸೂರರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಮಾಡಿಕೊಂಡೇ ಹಾಡಿದವರು. ಅಪ್ಪನ ಆತ್ಮಕಥೆ 'ನನ್ನ ರಸಯಾತ್ರೆ'ಯನ್ನು ಇಂಗ್ಲಿಷಿಗೆ ತಂದದ್ದೂ ಅವರೇ. ಅಪ್ಪನ ಹಾಡೂ ಗೊತ್ತು, ಭಾಷೆಯೂ ಗೊತ್ತು ಅನ್ನುವ ಕೈ ಬೇರೆ ಯಾರದ್ದಿತ್ತು? ಸಂಬಳದ ಕೆಲಸ ಇದ್ದರೆ ಅದನ್ನು ಹೇಳಲೇಬೇಕು. ಹಗಲು ಸ್ಟಾಂಪು ಹೊಡೆದು ಸಂಜೆ ಮೈಕು ಹಿಡಿಯುವ ನನ್ನಂಥವರಿಗೆ ಈ ಸಾಲು ಕೇಳಿದರೆ ಸ್ವಲ್ಪ ಬೆನ್ನು ನೇರ ಆಗುತ್ತದೆ, ಅದು ಬೇರೆ ವಿಷಯ.

ಇನ್ನು ಮುಖ್ಯವಾದದ್ದು. "ತಂದೆಗೆ ಸಹಗಾಯನ ನೀಡುತ್ತಿದ್ದರು" ಎಂದು ಎಲ್ಲರೂ ಓದಿ ಮುಂದೆ ಹೋಗುತ್ತಾರೆ. ಅಲ್ಲಿ ನಿಲ್ಲಿ. ಹಿಂದೆ ಕೂತು ಹಾಡುವುದು ಎಂದರೆ ಎಂತ ಅಂತ ಕೇಳುವವರಿಗೆ ತೋರಿಸಿ. ಇವರದ್ದು ಜೈಪುರ-ಅತ್ರೌಲಿ ಘರಾಣೆ, ಅಂದರೆ ಹಿಂದೂಸ್ತಾನಿ ಗಾಯನದ ಒಂದು ಪರಂಪರೆ; ಆ ಘರಾಣೆಯವರು ಉದ್ದದ ಆಲಾಪಕ್ಕೆ ಕೂರುವುದು ಕಡಿಮೆ. ಮಲ್ಲಿಕಾರ್ಜುನ ಮನಸೂರರಂತೂ ಷಡ್ಜ ಹಚ್ಚಿ ಸೀದಾ ಬಂದಿಶಿಗೇ, ಅಂದರೆ ತಾಳಕ್ಕೆ ಕೂರಿಸಿದ ಹಾಡಿಗೇ ಇಳಿಯುತ್ತಿದ್ದರು. ಹಿಂದೆ ಕೂತವನಿಗೆ ಗಂಟಲು ಸರಿಮಾಡಿಕೊಳ್ಳಲು ಸಮಯ ಇಲ್ಲ. ರಾಗಗಳೋ, ಒಂದರೊಳಗೆ ಇನ್ನೊಂದು ಹೆಣೆದುಕೊಂಡ ಅಪರೂಪದವು: ಹೇಮ ನಟ, ಬಹಾದುರಿ ತೋಡಿ, ಶಿವಮತ ಭೈರವ. ಅಪ್ಪ ಉಸಿರಿಗೆ ನಿಂತ ಕಡೆ ಮಗ ಎತ್ತಿಕೊಳ್ಳಬೇಕು. ಆದರೆ ಅಪ್ಪ ಇನ್ನೂ ತೋರಿಸದ ಸ್ವರವನ್ನು ಮುಟ್ಟಬಾರದು. ಕಡಿಮೆ ಹಾಡಿದರೆ ಜಾಗ ಖಾಲಿ, ಜಾಸ್ತಿ ಹಾಡಿದರೆ ಅಧಿಕಪ್ರಸಂಗ. ಸಮ್, ಅಂದರೆ ತಾಳದ ಮೊದಲ ಪೆಟ್ಟು, ಬರುವಾಗ ಇಬ್ಬರೂ ಒಟ್ಟಿಗೆ ಇಳಿಯಬೇಕು.

ಇದನ್ನು ಹುಡುಗಿಗೆ ತಿಳಿಸಲು ಮೊಬೈಲಿನಲ್ಲಿ ಅಪ್ಪ ಮಗ ಒಟ್ಟಿಗೆ ಹಾಡಿದ್ದನ್ನು ಹಾಕಿ, ಹಿಂದಿನ ದನಿ ಬಂದಾಗಲೆಲ್ಲ ಬೆರಳು ಎತ್ತು ಎಂದೆ. ಮೊದಲು ಬೆರಳು ಏಳಲೇ ಇಲ್ಲ. ಎರಡನೇ ಸಲ ಹಾಕಿದಾಗ ಎದ್ದಿತು, ಮತ್ತೆ ಮತ್ತೆ ಎದ್ದಿತು. "ಓ, ಇವರು ಇಲ್ಲಿಯೇ ಇದ್ದರಾ!" ಎಂದಳು. ನೀವೂ ಹೀಗೆ ಬೆರಳು ಎತ್ತಿ ಕೇಳಿ, ಆಮೇಲೆ ಬರೆಯಿರಿ. ಕೇಳದೆ ಬರೆದ ಪರಿಚಯದಲ್ಲಿ "ನಾದಲೋಕದ ಧ್ರುವತಾರೆ" ಬಂದೇ ಬರುತ್ತದೆ.

ಹಾಗಾದರೆ ಅಪ್ಪನನ್ನು ಹೇಳಲೇಬಾರದಾ? ಹೇಳಬೇಕು, ಒಂದೇ ಸಲ. ಎಲ್ಲಿ ಅಂದರೆ ಕಲಿಕೆಯ ಮಾತು ಬರುವಲ್ಲಿ. ಅಲ್ಲಿ ಅಪ್ಪ ಗುರುವಾಗಿ ಬರುತ್ತಾರೆ, ಬಿರುದುಬಾವಲಿಯಾಗಿ ಅಲ್ಲ. ಸಮಯ ಇದ್ದರೆ ಒಂದು ವಿಷಯ ಸೇರಿಸಬಹುದು. ಈ ಘರಾಣೆ ಮಲ್ಲಿಕಾರ್ಜುನರಿಗೆ ಬಂದದ್ದೇ ದೊಡ್ಡ ಗಾಯಕರ ಮಕ್ಕಳಿಂದ. ಈ ಘರಾಣೆ ಕಟ್ಟಿದ ಅಲ್ಲಾದಿಯಾ ಖಾನರ ಮಗ ಮಂಜಿ ಖಾನ್ ಕಲಿಸಿದರು. ಮಂಜಿ ಖಾನ್ 1937ರಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜಿ ಖಾನ್ ಕಲಿಸಿದರು. ಗಾಯಕರ ಮಗ ಅಂದರೆ ನೆರಳು ಅಂತ ಮೂಗು ಮುರಿಯುವವರು ಎರಡನೇ ಸಾಲಿನಲ್ಲಿ ಕೂತೇ ಇರುತ್ತಾರೆ. ಅವರಿಗೆ ಇಷ್ಟು ಸಾಕು.

ಎಲ್ಲ ಮಕ್ಕಳೂ ಒಂದೇ ಅಚ್ಚಿನವರಲ್ಲ. ನಮ್ಮ ಕದ್ರಿ ಗೋಪಾಲನಾಥರನ್ನೇ ನೋಡಿ, ಗಾಯಕರಲ್ಲ, ಸ್ಯಾಕ್ಸೊಫೋನ್. ಅವರ ತಂದೆ ನಾಗಸ್ವರ ವಾದಕರು. ಮಗ ಮಣಿಕಾಂತ್ ಕದ್ರಿ ಹೋದದ್ದು ಸಿನಿಮಾ ಸಂಗೀತಕ್ಕೆ, 2009ರ 'ಸವಾರಿ' ಅವರದ್ದು. ಅಂಥವರ ಪರಿಚಯಕ್ಕೆ ಅಪ್ಪನ ರಾಗ ತಾಳ ಎಳೆದು ತಂದರೆ ಎಲ್ಲಿಯೂ ಕೂರುವುದಿಲ್ಲ. ದಾರಿ ಬೇರೆ ಹಿಡಿದರು ಅಂತ ಹೇಳಿ ಸಿನಿಮಾಕ್ಕೇ ಬನ್ನಿ. ಯೇಸುದಾಸರ ಮಗ ವಿಜಯ್ ಯೇಸುದಾಸರದ್ದು ಇನ್ನೂ ಕಷ್ಟ, ಅಪ್ಪನೂ ಹಿನ್ನೆಲೆ ಗಾಯಕ, ಮಗನೂ ಅದೇ. ನಮ್ಮ ಕಡೆಯವರಿಗೆ ಅಪ್ಪ ಹುಟ್ಟುಹಬ್ಬಕ್ಕೆ ಕೊಲ್ಲೂರಿಗೆ ಬಂದು ಹಾಡುತ್ತಿದ್ದದ್ದು ಎಷ್ಟು ಗೊತ್ತು ಅಂದರೆ, ಬಾಯಿ ತೆರೆದರೆ ಕೊಲ್ಲೂರೇ ಬರುತ್ತದೆ. ನಾಲಿಗೆ ಕಚ್ಚಿಕೊಳ್ಳಿ.

ಕಲಾವಿದರು ಬದುಕಿರುವವರಾದರೆ ಎರಡು ದಿನ ಮೊದಲೇ ಫೋನ್ ಮಾಡಿ. ಏನು ಹೇಳಬೇಕು ಅಂತ ಕೇಳಿದರೆ ನಾಲ್ಕು ಪುಟದ ಬಯೋಡಾಟಾ ಬರುತ್ತದೆ. "ಏನು ಹೇಳುವುದು ಬೇಡ?" ಎಂದು ಕೇಳಿ. ಎರಡು ವಾಕ್ಯದಲ್ಲಿ ಉತ್ತರ ಸಿಗುತ್ತದೆ. ಹೆಸರನ್ನು ಅವರ ಬಾಯಿಂದಲೇ ಹೇಳಿಸಿಕೊಳ್ಳಿ. ಮನಸೂರ ಎಂದರೆ ಧಾರವಾಡದ ಪಕ್ಕದ ಹಳ್ಳಿ. ನಮ್ಮಲ್ಲಿ ಒಬ್ಬರು ಅದನ್ನು ಮನ್ಸೂರ್ ಎಂದು ಓದಿ, ಕಾರ್ಯಕ್ರಮ ಮುಗಿಯುವವರೆಗೂ ಸಭೆಯಲ್ಲಿ ಅದೇ ಗುಸುಗುಸು. ಪ್ರಶಸ್ತಿ ಒಂದು ಸಾಕು, ಅದೂ ಮಗನದ್ದೇ. ತಬಲಾ, ಹಾರ್ಮೋನಿಯಂನವರ ಹೆಸರು ಮರೆತರೆ ಮಾತ್ರ ಕ್ಷಮೆ ಇಲ್ಲ.

ಕೊನೆಗೆ ಹುಡುಗಿ ಓದಿದ್ದು ಇಷ್ಟು:

"ರಾಜಶೇಖರ ಮನಸೂರರು ಹುಟ್ಟಿದ್ದು 1942ರಲ್ಲಿ. ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಮಾಡಿದರು. ತಂದೆ ಮಲ್ಲಿಕಾರ್ಜುನ ಮನಸೂರರ ಹಿಂದೆ ಕೂತು ಹಾಡುತ್ತಲೇ ಜೈಪುರ-ಅತ್ರೌಲಿ ಗಾಯನ ಕಲಿತರು. ಅಲ್ಲಿ ಅವರ ದನಿ ಮುಂದಿನ ದನಿ ನಿಂತಾಗ ಮಾತ್ರ ಕೇಳುತ್ತದೆ. 2012ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. 2022ರ ಮೇ 1ರಂದು ತೀರಿಕೊಂಡರು. ಇವತ್ತು ಅವರು ಒಬ್ಬರೇ ಮುಂದೆ ಕೂತು ಹಾಡಿದ್ದನ್ನು ಕೇಳೋಣ."

ಒಂದು ನಿಮಿಷವೂ ಆಗಲಿಲ್ಲ. ಚೀಟಿಯನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಚಿಕ್ಕದು ಮಾಡಿ, ಎರಡೂ ಬದಿ ಬರೆಯಬೇಡಿ. ಇಳಿಯುವಾಗ ಮೈಕಿನ ಸ್ವಿಚ್ ಆಫ್ ಮಾಡಿ. ಅವಳು ಮರೆತಳು. ತಂಬೂರ ಶುರುವಾದ ಕೂಡಲೇ "ಮಾವ, ಸರಿ ಆಯ್ತಾ?" ಎಂದದ್ದು ಇಡೀ ಬೀದಿಗೆ ಕೇಳಿತು.