ಆರು ಟೋಪಿಗಳ ಸಭೆ ನನಗೆ ಒಲಿದ ಬಗೆ

ಎಡ್ವರ್ಡ್ ಡಿ ಬೋನೋ 1985ರಲ್ಲಿ ಮುಂದಿಟ್ಟ ಆರು ಟೋಪಿಗಳ ಪದ್ಧತಿಯನ್ನು ನಮ್ಮ ಘಟಕದಲ್ಲಿ ಮೂರು ಸಲ ಪ್ರಯತ್ನಿಸಿ ಮೂರು ಸಲವೂ ಸೋತಿದ್ದೆ. ಇದರಲ್ಲಿ ಒಂದೊಂದು ಬಣ್ಣದ ಕಾಲ್ಪನಿಕ ಟೋಪಿ ಒಂದೊಂದು ಬಗೆಯ ಯೋಚನೆ: ಬಿಳಿ ಮಾಹಿತಿಗೆ, ಕೆಂಪು ಭಾವನೆಗೆ, ಕಪ್ಪು ಅಪಾಯ ಗುರುತಿಸಲು, ಹಳದಿ ಪ್ರಯೋಜನಕ್ಕೆ, ಹಸಿರು ಹೊಸ ಸಲಹೆಗೆ, ನೀಲಿ ಸಭೆಯ ನಿರ್ವಹಣೆಗೆ. ವರ್ಷದ ತರಬೇತಿ ಹಣದ ಸುಮಾರು ಮುಕ್ಕಾಲು ಪಾಲನ್ನು ಎರಡು ದಿನಗಳ ಕಾರ್ಯಾಗಾರಕ್ಕೆ ಸುರಿದ ಮೇಲೂ ಏನೂ ಬದಲಾಗದಿದ್ದಾಗ, ತರಬೇತುದಾರರು ನಮಗೆ ಹಾಕಿದ್ದು ಏಳನೆಯ ಟೋಪಿ ಎಂದು ಸಹೋದ್ಯೋಗಿಗಳು ನಕ್ಕಿದ್ದರು. ಹಾಗೆ ನಕ್ಕವರಲ್ಲಿ ಇಬ್ಬರು ಈಗ ತಮ್ಮ ವಿಭಾಗದ ಸಭೆ ನಡೆಸಿಕೊಡಲು ನನ್ನನ್ನೇ ಕರೆಯುತ್ತಾರೆ.

ಗ್ರಾಹಕರಿಗೆ ಕಳುಹಿಸಿದ ಸರಕಿನಲ್ಲಿ ನೂರಕ್ಕೆ ಏಳೆಂಟು ಒಡೆದು ಹಿಂದಿರುಗುತ್ತಿದ್ದುದು ನಮ್ಮ ಸಮಸ್ಯೆಯಾಗಿತ್ತು. ಮೊದಲ ಸಭೆಯಲ್ಲಿ ಸಮಯ ಉಳಿಯಲೆಂದು ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಹಂಚಿದೆ. ಕಪ್ಪು ಟೋಪಿ ಸಿಕ್ಕವರು, ತಮ್ಮ ಪಾತ್ರವೇ ಅದಲ್ಲವೇ ಎಂದು, ಎರಡು ಗಂಟೆ ಎಲ್ಲವನ್ನೂ ತಳ್ಳಿಹಾಕಿದರು. ಎಲ್ಲರೂ ಒಂದೇ ಹೊತ್ತಿಗೆ ಒಂದೇ ಬಣ್ಣ ಧರಿಸುವುದೇ ಈ ಪದ್ಧತಿಯ ಜೀವಾಳವೆಂದು ತಿಳಿದಿದ್ದೂ ಮಾಡಿದ ತಪ್ಪಿಗೆ ಎಂಟು ಜನರ ಹದಿನಾರು ಗಂಟೆಗಳ ಸಂಬಳ ನೀರುಪಾಲಾಯಿತು. ಎರಡನೆಯ ಸಲ ಬಿಳಿಯ ಬೆನ್ನಿಗೇ ಕಪ್ಪನ್ನು ತಂದೆ. ಹಸಿರಿನ ಸರದಿ ಬರುವಷ್ಟರಲ್ಲಿ ಬಾಯಿ ತೆರೆಯುವ ಧೈರ್ಯ ಯಾರಿಗೂ ಉಳಿದಿರಲಿಲ್ಲ. ಮೂರನೆಯ ಸಲ ಕೆಂಪು ಟೋಪಿಯಲ್ಲಿ ವ್ಯವಸ್ಥಾಪಕರು ಮೊದಲು ಮಾತಾಡಿದರು. ಉಳಿದ ಏಳು ಜನರ ಭಾವನೆಯೂ ವಿಚಿತ್ರವೆಂಬಂತೆ ಅವರದೇ ಆಗಿತ್ತು.

ನಾಲ್ಕನೆಯ ಸಲ ಕೆಂಪನ್ನು ಚೀಟಿಗೆ ಇಳಿಸಿದೆ. ಅರ್ಧ ನಿಮಿಷ, ಹೆಸರಿಲ್ಲ, ಕಾರಣ ಕೊಡಬೇಕಿಲ್ಲ. ಎಂಟು ಚೀಟಿಗಳಲ್ಲಿ ಐದು, ಸಂಜೆ ಸಾಗಣೆ ವಾಹನ ಬರುವ ಹೊತ್ತಿನ ಗಡಿಬಿಡಿಯ ಬಗ್ಗೆ ಸಿಟ್ಟು ಕಾರಿದ್ದವು. ಬಿಳಿ ಟೋಪಿಯಲ್ಲಿ ನಾವು ಹರಡಿಕೊಂಡಿದ್ದ ಅಂಕಿ ಅಂಶಗಳಲ್ಲಿ ಅದರ ಸುಳಿವೇ ಇರಲಿಲ್ಲ. ಮರಳಿ ಬಿಳಿಗೆ ಹೋಗಿ ದಾಖಲೆ ತೆಗೆಸಿದಾಗ, ಒಡೆದು ಬಂದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನದ ಕೊನೆಯ ಒಂದು ಗಂಟೆಯಲ್ಲಿ ಕಟ್ಟಿದವಾಗಿದ್ದವು. ಆ ಚೀಟಿಯ ಮೇಲೆ ನಾನು ಬರೆದಿದ್ದ ಪ್ರಶ್ನೆಯ ಒಕ್ಕಣೆಯನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹಸಿರಿನಲ್ಲಿ ಮಾತನ್ನು ನಿಲ್ಲಿಸಿ, ಬರ್ಂಡ್ ರೋರ್‌ಬಾಖ್ 1968ರಲ್ಲಿ ಪ್ರಕಟಿಸಿದ 6-3-5 ಕ್ರಮವನ್ನು ಪರೀಕ್ಷೆಗೆಂದು ಸೇರಿಸಿದೆ. ಆರು ಜನ ಐದೈದು ನಿಮಿಷಕ್ಕೆ ಮೂರು ಮೂರು ಸಲಹೆ ಬರೆದು ಹಾಳೆ ದಾಟಿಸಿದರೆ ಅರ್ಧ ಗಂಟೆಗೆ 108 ಆಗಬೇಕು. ನಮಗೆ ದಕ್ಕಿದ್ದು ಎಪ್ಪತ್ತರಷ್ಟು, ಅದರಲ್ಲಿ ಮೂರನೆಯ ಒಂದು ಭಾಗ ಪುನರಾವರ್ತನೆ, ಕೆಲವಂತೂ ಬರೆದವರಿಗೇ ಓದಲಾಗದ ಅಕ್ಷರ. ಆದರೂ ಸಭೆಯಲ್ಲಿ ಎಂದೂ ಮಾತಾಡದ ಕಿರಿಯರೊಬ್ಬರು ವಾಹನದ ಸಮಯವನ್ನೇ ಒಂದೂವರೆ ಗಂಟೆ ಮುಂದೂಡುವ ಸಲಹೆ ಬರೆದಿದ್ದರು. ಕಪ್ಪಿನಲ್ಲಿ, ಆರು ತಿಂಗಳ ನಂತರ ಈ ಯೋಜನೆ ನೆಲಕಚ್ಚಿದೆ ಎಂದೇ ಭಾವಿಸಿ ಅದರ ಕಾರಣ ಬರೆಯಿಸಿದೆ. ಟೀಕೆ ಆಗ ವ್ಯಕ್ತಿಯ ಮೇಲೆ ಬೀಳಲಿಲ್ಲ.

ಮೊದಲು ಎಲ್ಲರೂ ಹಟ ಹಿಡಿದಿದ್ದಂತೆ ದಪ್ಪ ಪೆಟ್ಟಿಗೆ ತರಿಸಿದ್ದರೆ ಪ್ಯಾಕಿಂಗ್ ವೆಚ್ಚ ಐದನೆಯ ಒಂದರಷ್ಟು ಏರುತ್ತಿತ್ತು. ವಾಹನದ ಸಮಯ ಬದಲಿಸಿದ ಮೇಲೆ, ಹೊಸದೇನನ್ನೂ ಕೊಳ್ಳದೆ ಒಡಕು ನೂರಕ್ಕೆ ಮೂರರ ಆಸುಪಾಸಿಗೆ ಇಳಿಯಿತು. ಹಳದಿ ಟೋಪಿ ಮಾತ್ರ ಇನ್ನೂ ನನ್ನ ಹಿಡಿತಕ್ಕೆ ಬಂದಿಲ್ಲ. ಪ್ರಯೋಜನ ಹೇಳಿ ಎಂದರೆ ಜನ ಎರಡು ನಿಮಿಷಕ್ಕೇ ಮಾತು ಮುಗಿಸಿ ಗಡಿಯಾರ ನೋಡುತ್ತಾರೆ.